ಏರಿನಲ್ಲಿ ಕ್ಲಚ್ ಬಿಡುವುದು

ಮಹಡಿಯ ಹೊಲಿಗೆ ಕೋಣೆಯಿಂದ,
ಶನಿವಾರ, ಇಪ್ಪತ್ತೆರಡನೇ ತಾರೀಖು

ಪ್ರೀತಿಯ ಯಜಮಾನರಿಗೆ,

ನಿಮ್ಮ ಹೆಂಡತಿ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವು ಆರೈಕೆ ಕೇಂದ್ರದಲ್ಲಿ ಕ್ಷೇಮವಾಗಿದ್ದೀರಿ ಎಂದು ನರ್ಸಮ್ಮನವರ ಕಾಗದದಿಂದ ತಿಳಿಯಿತು. ಲಕ್ವ ಹೊಡೆದು ಎಂಟು ತಿಂಗಳಾದ ಮೇಲೆ ಬಲಗಾಲಿಗೆ ಒಂದಿಷ್ಟು ಬಲ ಬಂದಿದೆಯಂತೆ, ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತಿಲ್ಲವಂತೆ, ಬಾಯಿಂದ ಮಾತಂತೂ ಹೊರಡುತ್ತಿಲ್ಲವಂತೆ. ನಿದ್ದೆ ಸರಿಯಾಗಿ ಬರುತ್ತಿದೆಯೇ? ಊಟ ಮೆತ್ತಗೆ ಮಾಡಿ ಕೊಡುತ್ತಾರಂತೆ, ಸೇರುತ್ತಿದೆಯೇ? ಉಪ್ಪು ಕಡಿಮೆಯಾಯಿತೆಂದು ತಟ್ಟೆ ನೂಕಬೇಡಿ. ನೂಕಿದ ತಟ್ಟೆ ಎತ್ತಿ ನೆಲ ಒರೆಸಲು ಅಲ್ಲಿ ನಾನಿಲ್ಲ.

ಈ ಪತ್ರವನ್ನು ನಿಮಗೆ ಓದಿ ಹೇಳುವವರು ನರ್ಸಮ್ಮನವರೇ ಎಂದು ನನಗೆ ಗೊತ್ತು. ಅಮ್ಮಾ, ನಿಮಗೂ ನಮಸ್ಕಾರ. ದಯವಿಟ್ಟು ನಿಧಾನವಾಗಿ ಓದಿ, ಒಂದು ಸಾಲೂ ಬಿಡಬೇಡಿ, ಕೊನೆಯ ತಾ.ಕ. ಕೂಡ. ಇವರ ಜೊತೆ ಇಪ್ಪತ್ತನಾಲ್ಕು ವರ್ಷ ಬಾಳಿದ್ದೇನೆ. ನಾನು ಶುರುಮಾಡಿದ ಒಂದು ಮಾತನ್ನಾದರೂ ಇವರು ಕೊನೆಯವರೆಗೆ ಕೇಳಿದ್ದು ನೆನಪಿಲ್ಲ. ಈಗ ಆ ಭಾಗ್ಯ ತಾನಾಗಿ ಬಂದಿದೆ. ಅರ್ಧಕ್ಕೆ ನಿಲ್ಲಿಸಿ ನನಗೆ ತಪ್ಪಿಸಬೇಡಿ.

ಕಾರು ಕೊಂಡೆ ಎಂದು ಹೋದ ಪತ್ರದಲ್ಲಿ ಒಂದೇ ಸಾಲು ಬರೆದಿದ್ದೆನಲ್ಲ, ಅದಕ್ಕೆ ಎಡಗೈಯಲ್ಲಿ ಬರೆದ ನಿಮ್ಮ ಚೀಟಿ ನರ್ಸಮ್ಮನವರ ಕಾಗದದ ಜೊತೆ ಬಂತು. ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರ, ಆದರೂ ಓದಲು ಬಂತು. "ಮೈಲೇಜ್ ಎಷ್ಟು?" ಎಂಟು ತಿಂಗಳ ನಂತರ ಗಂಡ ಹೆಂಡತಿಗೆ ಬರೆದ ಮೊದಲ ಮಾತು. ಹೇಗಿದ್ದೀಯ ಅಂತಲ್ಲ, ಒಬ್ಬಳೇ ಹೇಗೆ ನಿಭಾಯಿಸುತ್ತಿದ್ದೀಯ ಅಂತಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ ಬಿಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆ ಚೀಟಿಯನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ದಾರ ಪೋಣಿಸುವಾಗಲೆಲ್ಲ ಕಾಣುತ್ತದೆ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಲೀಟರಿಗೆ ಇಪ್ಪತ್ತಮೂರು ಕಿಲೋಮೀಟರು, ಊರ ಹೊರಗಿನ ದಾರಿಯಲ್ಲಿ ಇಪ್ಪತ್ತಾರು. ಕಾರಿನೊಳಗಿನ ಪರದೆ ತೋರಿಸಿದ್ದನ್ನು ನಂಬಿ ಹೇಳುತ್ತಿಲ್ಲ. ನೀವು ಡ್ರೈವಿಂಗ್ ಕಲಿಯಲು ಬಂದವರಿಗೆ ಅಂಗಳದಲ್ಲಿ ನಿಂತು ಹೇಳಿಕೊಡುತ್ತಿದ್ದಿರಲ್ಲ, ಟ್ಯಾಂಕನ್ನು ಬಾಯಿ ತನಕ ತುಂಬಿಸಿ, ಓಡಿಸಿ, ಮತ್ತೆ ಬಾಯಿ ತನಕ ತುಂಬಿಸಿ ಭಾಗಿಸಬೇಕು ಅಂತ, ಹಾಗೆಯೇ ಮಾಡಿದೆ. ಐದು ವಾರಗಳಲ್ಲಿ ಮೂರು ಸಲ ಮಾಡಿದೆ, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ ಬಂತು. ನಿಮ್ಮ ತರಬೇತಿ ಕಾರು ಒಂಬತ್ತು ಕೊಡುತ್ತಿತ್ತು. ಅದಕ್ಕೆ ಕಲಿಯುವವರ ಕಾಲು ಕಾರಣ ಎಂದು ನೀವು ಹೇಳುತ್ತಿದ್ದಿರಿ. ಕುಣಿಯಲಾರದವಳಿಗೆ ನೆಲ ಡೊಂಕು.

ಇನ್ನು ಕಾರಿನ ವಿಷಯ. ಯುರೋಪಿನ ಕಂಪನಿಯದು, ನಿಂಬೆಕಾಯಿ ಹಸಿರು, ಎರಡೇ ಬಾಗಿಲು. ಇಂಥವು ರಸ್ತೆಯಲ್ಲಿ ಎದುರಾದಾಗ "ಸೋಪಿನ ಡಬ್ಬಿ" ಎಂದು ನಗುತ್ತಿದ್ದಿರಿ. ಡಬ್ಬಿಯೇ ಇರಬಹುದು, ಆದರೆ ಬಾಗಿಲು ಹಾಕಿದರೆ ಬೀರುವಿನ ಬಾಗಿಲು ಹಾಕಿದ ಹಾಗೆ ದಪ್ಪ ಸದ್ದು. ಇದರಲ್ಲಿ ಇಂಡಿಕೇಟರ್ ಕಡ್ಡಿ ಎಡಗಡೆ, ವೈಪರ್ ಬಲಗಡೆ. ನಿಮ್ಮ ಕಾರಿನಲ್ಲಿ ತಿರುವುಮುರುವು ಇತ್ತು. ಅದನ್ನೇ ನೋಡಿ ಅಭ್ಯಾಸವಾದವಳು ನಾನು, ಮೊದಲ ವಾರವೆಲ್ಲ ತಿರುವು ಬಂದಾಗ ಬಿಸಿಲಲ್ಲಿ ಗಾಜು ಒರೆಸುತ್ತ ಓಡಾಡಿದೆ. ಹಿಂದಿನಿಂದ ಬಂದವರು ಈಕೆಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿರಬೇಕು. ರಿವರ್ಸ್ ಹಾಕಬೇಕೆಂದರೆ ಗೇರಿನ ಕತ್ತಿನಲ್ಲಿರುವ ಬಳೆಯನ್ನು ಮೇಲಕ್ಕೆತ್ತಬೇಕು. ಅದು ಗೊತ್ತಾಗದೆ ಔಷಧದಂಗಡಿಯ ಮುಂದೆ ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಸೀಟು ಗಟ್ಟಿ, ಮೊದಲ ದಿನ ಸೊಂಟ ಹಿಡಿಯಿತು, ಆಮೇಲೆ ಅದೇ ಹಿತವಾಯಿತು.

ಎಲ್ಲಕ್ಕಿಂತ ನಿಮಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಸಿಗ್ನಲ್ಲಿನಲ್ಲಿ ನಿಂತು ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟರೆ ಈ ಕಾರು ತಾನಾಗಿಯೇ ಆಫ್ ಆಗಿಬಿಡುತ್ತದೆ. ಕ್ಲಚ್ ಒತ್ತಿದರೆ ತಾನಾಗಿಯೇ ಶುರುವಾಗುತ್ತದೆ. ಪೆಟ್ರೋಲ್ ಉಳಿಸುವ ಉಪಾಯವಂತೆ. ಮೊದಲ ಸಲ ಹಾಗಾದಾಗ ಪಕ್ಕದ ಸೀಟಿನಿಂದ ನಿಮ್ಮ ನಗು ಕೇಳಿದಂತಾಯಿತು. ಆಮೇಲೆ ಗೊತ್ತಾಯಿತು, ಅದು ನನ್ನ ತಪ್ಪಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾನು ಮಾಡಿದ್ದಕ್ಕೆ ಈಗ ಕಂಪನಿಯವರು ಸೌಲಭ್ಯ ಎಂದು ಹೆಸರಿಟ್ಟು ಮಾರುತ್ತಿದ್ದಾರೆ.

ಆ ದಿನ ನಿಮಗೆ ನೆನಪಿದೆ, ಮರೆಯಲು ನೀವೇ ಬಿಡಲಿಲ್ಲ. ಆದರೂ ನರ್ಸಮ್ಮನವರಿಗೆ ತಿಳಿಯಲಿ ಎಂದು ಬರೆಯುತ್ತೇನೆ. ಅಮ್ಮಾ, ಇವರು ಡ್ರೈವಿಂಗ್ ಶಾಲೆ ನಡೆಸಿದವರು. ಊರಿಗೆಲ್ಲ ಇವರು ಗೇರ್ ಮೇಷ್ಟ್ರು. ನಾನೂ ಕಲಿಯುತ್ತೇನೆಂದು ಒಮ್ಮೆ ಹಟ ಹಿಡಿದೆ. ಕೂರಿಸಿಕೊಂಡರು. ಹಿಂದಿನ ಸೀಟಿನಲ್ಲಿ ಸರದಿ ಕಾಯುತ್ತ ಮೂವರು ಕೂತಿದ್ದರು. ನೀರಿನ ಟ್ಯಾಂಕಿನ ಏರಿನಲ್ಲಿ ನಿಲ್ಲಿಸಿ ಹೊರಡಿಸು ಎಂದರು. ಮೂರು ಸಲ ಆಫ್ ಆಯಿತು, ನಾಲ್ಕನೇ ಸಲ ಕಾರು ಹಿಂದಕ್ಕೆ ಜಾರಿತು. ಇವರು ತಮ್ಮ ಕಡೆಯ ಬ್ರೇಕ್ ಒತ್ತಿದರು. ಬೈಯಲಿಲ್ಲ, ಅದು ಇವರ ದೊಡ್ಡತನ. ನಗುತ್ತ ಹೇಳಿದರು, "ಇಳಿ. ಮೆಷಿನ್ ತುಳಿಯೋ ಕಾಲಿಗೆ ಕ್ಲಚ್ ಅರ್ಥ ಆಗಲ್ಲ. ನಡ್ಕೊಂಡು ಬಾ." ಇಳಿದೆ. ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಬಿಸಿಲಲ್ಲಿ ನಾಲ್ಕು ಕಿಲೋಮೀಟರು ಕಾಲೆಳೆಯುತ್ತ ಬರುತ್ತಿದ್ದರೆ ಇವರು ಆ ಮೂವರಿಗೆ ಕಲಿಸುತ್ತ ನನ್ನ ಪಕ್ಕದಲ್ಲೇ ಎರಡು ಸಲ ಹಾದುಹೋದರು. ಎರಡು ಸಲವೂ ಪೀಂ ಪೀಂ ಎಂದು ಹಾರ್ನ್ ಹೊಡೆದು, ಕೈ ಬೀಸಿ ಹೋದರು. ಹಿಂದೆ ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಅಲ್ಲಿಂದಾಚೆಗೆ ಪ್ರತಿ ತಿಂಗಳು ಹೊಸ ತಂಡ ಬಂದಾಗ ಮೊದಲ ಪಾಠ ಇದೇ. ನನ್ನ ಹೊಲಿಗೆ ಕೋಣೆಯ ಕಿಟಕಿಯ ಕೆಳಗೆ, ಅಂಗಳದಲ್ಲಿ, ಎಲ್ಲರಿಗೂ ಕೇಳುವಂತೆ: "ಹೇಗೆ ಬೇಕಾದ್ರೂ ಓಡ್ಸಿ, ಕ್ಲಚ್ಚನ್ನ ಮಾತ್ರ ನನ್ನ ಹೆಂಡ್ತಿ ಬಿಟ್ಟ ಹಾಗೆ ಬಿಡ್ಬೇಡಿ." ಆಮೇಲೆ ಏರಿನ ಕಥೆ, ಚಪ್ಪಲಿಯ ಕಥೆ. ಕೇಳಿದವರಲ್ಲಿ ಒಬ್ಬಿಬ್ಬರು ತಲೆಯೆತ್ತಿ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರಲ್ಲೇ ಯಾರದೋ ಹೆಂಡತಿಯ ರವಿಕೆಗೆ ತೋಳು ಕೂರಿಸುತ್ತಿದ್ದೆ. ಇನ್ನೂರಕ್ಕೂ ಹೆಚ್ಚು ಸಲ ಕೇಳಿದ್ದೇನೆ ರೀ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಆದರೆ ನೀವೊಂದು ಮರೆತಿರಿ. ಆ ಕಥೆ ಮುಗಿದ ಮೇಲೆ ನೀವು ಹೇಳುತ್ತಿದ್ದ ಪಾಠವೂ ಅದೇ ಕಿಟಕಿಯಿಂದ ಮೇಲಕ್ಕೆ ಬರುತ್ತಿತ್ತು. ಕ್ಲಚ್ಚನ್ನು ಅರ್ಧಕ್ಕೆ ತಂದು ನಿಲ್ಲಿಸಿ, ಕಾರಿನ ಮೂತಿ ಒಂಚೂರು ಮೇಲೇಳುವುದನ್ನು ಕಾಯಿರಿ, ಆಮೇಲೆ ಕೈಬ್ರೇಕ್ ಬಿಡಿ. ಹತ್ತೊಂಬತ್ತು ವರ್ಷ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಅದನ್ನೇ ಅಭ್ಯಾಸ ಮಾಡಿದೆ, ನನಗರಿವಿಲ್ಲದೆಯೇ. ಕಲಿಯಲು ನನಗೆ ತನ್ನ ಕಾರು ಕೊಟ್ಟು ಪಕ್ಕದಲ್ಲಿ ಕೂತವಳು ಔಷಧದಂಗಡಿಯಾಕೆ. ಆಕೆ ನಿಮ್ಮ ಹಳೆಯ ಶಿಷ್ಯೆ, ಅಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಮೂವರಲ್ಲಿ ಒಬ್ಬಳು. ನಿಮ್ಮ ಮಾತ್ರೆ ತರಲು ಹೋದಾಗ ತಾನಾಗಿ ಬಾಯಿಬಿಟ್ಟಳು: "ಅವತ್ತು ನಾನೂ ನಕ್ಕಿದ್ದೆ ಅಕ್ಕಾ. ಬೇಜಾರು ಮಾಡ್ಕೋಬೇಡಿ, ನಾನೇ ಕಲಿಸ್ತೀನಿ." ಎರಡನೇ ದಿನಕ್ಕೇ ಆಕೆ, ಇಷ್ಟು ಹಗುರವಾದ ಕಾಲನ್ನು ತಾನು ನೋಡಿಯೇ ಇಲ್ಲ ಎಂದಳು. ಕಾಲು ಹಗುರವಿದ್ದರೆ ಪೆಟ್ರೋಲ್ ಕುಡಿಯುವುದಿಲ್ಲವಂತೆ. ಇಪ್ಪತ್ತಮೂರು ಬರುವುದು ಕಂಪನಿಯ ಜಾಣತನದಿಂದ ಅರ್ಧ, ಇನ್ನರ್ಧ ಮೆಷಿನ್ ತುಳಿಯುವ ಕಾಲಿನಿಂದ. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರು ನಾನು ಯಾರ ಹೆಂಡತಿ ಎಂದು ತಿಳಿದು, ಹಾಗಾದರೆ ಮೇಷ್ಟ್ರೇ ಕಲಿಸಿರಬೇಕು ಎಂದರು. ಹೌದು ಎಂದೆ. ಸುಳ್ಳಲ್ಲವಲ್ಲ.

ಶೋರೂಮಿಗೆ ಹೋದಾಗ ಟೇಪು ಕುತ್ತಿಗೆಯಲ್ಲೇ ಇತ್ತು. ನಿಮ್ಮ ಡಾಕ್ಟರು ಎರಡು ತಿಂಗಳ ಹಿಂದೆ ಕಳಿಸಿದ ಫಾರಂ ಚೀಲದಲ್ಲಿತ್ತು. ನಿಮ್ಮನ್ನು ಮನೆಗೆ ಕಳಿಸಬಹುದೇ ಎಂದು ತೀರ್ಮಾನಿಸುವ ಫಾರಂ, ನೀವು ಅದಕ್ಕಾಗಿ ದಿನಾ ಬಾಗಿಲು ನೋಡುತ್ತೀರಿ ಎಂದು ನರ್ಸಮ್ಮ ಬರೆದಿದ್ದಾರೆ. ಅದರಲ್ಲಿ ನಿಮ್ಮ ಗಾಲಿಕುರ್ಚಿಯನ್ನು ಮಡಚಿದರೆ ಉದ್ದ ಎಷ್ಟು, ದಪ್ಪ ಎಷ್ಟು ಎಂದು ಕೊಟ್ಟಿದ್ದರು. ಮಾರುವ ಹುಡುಗ ಬಣ್ಣದ ಪಟ್ಟಿ ತೋರಿಸುತ್ತಿದ್ದರೆ ನಾನು ಒಂದೊಂದೇ ಕಾರಿನ ಹಿಂಬಾಗಿಲು ಎತ್ತಿಸಿ ಡಿಕ್ಕಿಗೆ ಟೇಪು ಹಿಡಿದೆ. ಏನು ಮೇಡಂ ಎಂದ. ಯಜಮಾನರ ಗಾಲಿಕುರ್ಚಿ ಎಂದೆ. ಪಾಪ, ಅವನ ಕಣ್ಣು ತುಂಬಿತು. ನಮ್ಮ ತಾಯಿಗೆ ಹೇಳುತ್ತೇನೆ, ಇಂಥ ಹೆಂಡತಿಯರೂ ಇರುತ್ತಾರೆ ಎಂದು ಅಂದ. ತಣ್ಣನೆಯ ನೀರು ತರಿಸಿಕೊಟ್ಟ. ಐದು ಕಾರು ಅಳೆದೆ. ನಾನು ಅಳತೆ ನೋಡದೆ ಕತ್ತರಿ ಹಾಕುವವಳಲ್ಲ, ನಿಮಗೆ ಗೊತ್ತಿದೆ. ಈ ಹಸಿರು ಕಾರನ್ನು ಎರಡು ಸಲ ಅಳೆದು ಇದೇ ಇರಲಿ ಎಂದೆ.

ಈಗ ನಾನು ಗಿರಾಕಿಗಳ ಮನೆಗೇ ಹೋಗಿ ಹೊಲಿದುಕೊಡುತ್ತೇನೆ. ಚಿಕ್ಕ ಯಂತ್ರವೊಂದನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದಿದ್ದೇನೆ. ಮದುವೆಯಾಗಲಿರುವ ಹುಡುಗಿಯರಿಗೆ ಮನೆಯಲ್ಲೇ ಅಳತೆ, ಮನೆಯಲ್ಲೇ ತಿದ್ದುಪಡಿ. ನಿಮ್ಮ ಹಳೆಯ ತರಬೇತಿ ಕಾರನ್ನು ಮಾರಿಬಿಟ್ಟೆ, ಎರಡು ಕಡೆ ಪೆಡಲಿದ್ದ ಅದನ್ನು ಗುಜರಿಯವನ ಹೊರತು ಯಾರೂ ಕೇಳಲಿಲ್ಲ. ಒಯ್ಯುವಾಗ ಅದರ ಮೇಲಿದ್ದ ನಿಮ್ಮ ಶಾಲೆಯ ಬೋರ್ಡನ್ನು ಬಿಚ್ಚಿ ಇಟ್ಟುಕೊಂಡೆ. ಕತ್ತರಿಸುವ ಮೇಜಿನ ಒಂದು ಕಾಲು ಕುಂಟುತ್ತಿತ್ತಲ್ಲ, ಅದರಡಿಗೆ ಸರಿಯಾಗಿ ಕೂತಿದೆ.

ಪಕ್ಕದ ಸೀಟು ಖಾಲಿಯೇ ಇರುತ್ತದೆ. ಸುಳ್ಳು ಹೇಳುವುದಿಲ್ಲ, ಒಮ್ಮೊಮ್ಮೆ ತಿರುವಿನಲ್ಲಿ ಆ ಕಡೆ ಕಣ್ಣು ಹೋಗುತ್ತದೆ, ನೀವು ಈಗ ಏನೆನ್ನುತ್ತಿದ್ದಿರಿ ಎಂದು ಕಿವಿ ಕಾಯುತ್ತದೆ. ಅಭ್ಯಾಸ ಬಲ. ಯಾರೂ ಏನೂ ಅನ್ನುವುದಿಲ್ಲ. ಆಗ ನನಗೆ ಸಂತೋಷವಾಗುತ್ತದೆ, ಇಷ್ಟು ಸಂತೋಷ ನಾನು ಮದುವೆಯಾದ ಮೇಲೆ ಪಟ್ಟವಳಲ್ಲ.

ದೇಹವನ್ನು ನೋಡಿಕೊಳ್ಳಿ. ವ್ಯಾಯಾಮ ತಪ್ಪಿಸಬೇಡಿ. ಕಲಿಸುವವರು ಮೂರು ಸಲಕ್ಕೆ ಬೇಸರಪಟ್ಟರೂ ನಾಲ್ಕನೇ ಸಲ ನೀವೇ ಕೇಳಿ ಮಾಡಿ. ನರ್ಸಮ್ಮನವರಿಗೆ ಒಂದು ರವಿಕೆ ಹೊಲಿದು ಕಳಿಸುವೆ, ಅಳತೆ ಬರೆದು ತಿಳಿಸಲಿ. ಔಷಧದಂಗಡಿಯಾಕೆ ನಿಮ್ಮನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಇತಿ ನಿಮ್ಮ ಪ್ರೀತಿಯ
ಮೆಷಿನ್ ತುಳಿಯುವವಳು

ತಾ.ಕ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ತೆಗೆಯುವ ಹೊತ್ತಾಯಿತು. ಡಾಕ್ಟರ ಫಾರಂ ತುಂಬಿ ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ. ನಾಲ್ಕನೇ ಪ್ರಶ್ನೆ ಹೀಗಿತ್ತು: ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಕರೆತರಲು ಗಾಲಿಕುರ್ಚಿ ಹಿಡಿಸುವ ವಾಹನ ಮನೆಯಲ್ಲಿದೆಯೇ? ಇಲ್ಲ ಎಂದು ಬರೆದು ಸಹಿ ಮಾಡಿದೆ. ನಿಮ್ಮ ಹಳೆಯ ಕಾರಿದ್ದರೆ ಹೌದು ಎನ್ನಬೇಕಾಗುತ್ತಿತ್ತು. ಈ ಕಾರಿನ ಡಿಕ್ಕಿ ಎರಡು ಅಂಗುಲ ಕಡಿಮೆ, ನಾನು ಅಳೆದ ಐದರಲ್ಲಿ ಕುರ್ಚಿ ಹಿಡಿಸದೇ ಇದ್ದದ್ದು ಇದೊಂದೇ. ಹಿಂದಿನ ಸೀಟು ಮಡಚಿದರೆ ಹಿಡಿಸುತ್ತದೆ ಎಂದು ಆ ಹುಡುಗ ಹೇಳಿದ. ಹಿಂದಿನ ಸೀಟು ನನ್ನ ಯಂತ್ರದ್ದು. ನಿಮ್ಮನ್ನು ಅಲ್ಲಿಯೇ ಇಟ್ಟುಕೊಳ್ಳುತ್ತಾರೆ, ವ್ಯವಸ್ಥೆಯಾಗಿದೆ.

ಇನ್ನೊಂದು. ಮೊನ್ನೆ ಗುರುವಾರ ಮಧ್ಯಾಹ್ನ ನೀವು ವರಾಂಡದಲ್ಲಿ ಕೂತಿದ್ದಾಗ ಹಸಿರು ಕಾರೊಂದು ಗೇಟಿನ ಮುಂದೆ ಎರಡು ಸಲ ಹಾದುಹೋಯಿತು, ಎರಡು ಸಲವೂ ಪೀಂ ಪೀಂ ಎಂದು ಹಾರ್ನ್ ಹೊಡೆಯಿತು. ಯಾರೋ ಹಳೆಯ ಶಿಷ್ಯರು ಎಂದುಕೊಂಡು ನೀವು ಎಡಗೈ ಎತ್ತಿದಿರಿ. ನಾನೇ. ಆ ಗೇಟಿನ ಮುಂದೆ ಒಳ್ಳೆಯ ಏರಿದೆ. ನಿಮ್ಮ ಮುಖ ಕಾಣುವಷ್ಟು ಹೊತ್ತು ಅದರ ಮಧ್ಯದಲ್ಲೇ ನಿಲ್ಲಿಸಿದೆ, ಮೂತಿ ಮೇಲೇಳುವುದನ್ನು ಕಾದೆ, ಕೈಬ್ರೇಕ್ ಬಿಟ್ಟೆ. ಒಂದು ಅಂಗುಲವೂ ಹಿಂದಕ್ಕೆ ಜಾರಲಿಲ್ಲ.