ಉಪ್ಪಿನ ಮೂಟೆಯಡಿಯ ರಾಟೆ

ಬಿಳಿಗೆರೆ
೨೧-೭-೨೦೨೪

ಮಗಳು ಚೈತ್ರಳಿಗೆ ಅಪ್ಪನ ತುಂಬು ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಇಲ್ಲಿ ಮಳೆ ಹಿಡಿದಿದೆ. ತೆಂಗಿನ ಬುಡಕ್ಕೆ ಈ ವರ್ಷ ಉಪ್ಪು ಹಾಕಲಿಲ್ಲ. ಮೂಟೆ ಕಂಡರೇ ಹಿಂದಕ್ಕೆ ತಿರುಗಿ ಬಂದುಬಿಡುತ್ತೇನೆ.

ಬಾವಿ ರಾಟೆಯ ಮುರಿದ ಚೂರನ್ನು ನಿಮ್ಮ ಮ್ಯೂಸಿಯಮ್ಮಿನಲ್ಲಿ ಪರೀಕ್ಷೆ ಮಾಡಿ ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಬೀಡು ಕಬ್ಬಿಣಕ್ಕೆ ಉಪ್ಪು ತಾಗಿದರೆ ಮೈಯೆಲ್ಲ ಒಂದೇ ಸಮ ತುಕ್ಕು ಹಿಡಿಯುವುದಿಲ್ಲ, ಒಂದೊಂದೇ ಜಾಗ ಹಿಡಿದು ಒಳಕ್ಕೆ ಕೊರೆಯುತ್ತದೆ, ಮೇಲೆ ರಾಗಿಕಾಳಿನಷ್ಟು ತೂತು, ಒಳಗೆಲ್ಲ ಪೊಳ್ಳು ಎಂದಿದ್ದೀಯ. ಉಪ್ಪು ಎಲ್ಲಿಂದ ಬಂತು ಎಂದು ಕೇಳಿದ್ದೀಯ. ನೆಲದ ತೇವ ತಾಗದಿರಲೆಂದು ಹತ್ತು ವರ್ಷದಿಂದ ಪಂಪ್‌ಹೌಸಿನಲ್ಲಿ ಉಪ್ಪಿನ ಮೂಟೆಗಳನ್ನು ಆ ರಾಟೆಯ ಮೇಲೆಯೇ ಒಟ್ಟುತ್ತಿದ್ದೆ, ತಾಯಿ. ನೀನು ಅದನ್ನು ಮ್ಯೂಸಿಯಮ್ಮಿಗೆ ಕೇಳಿದಾಗ "ನಿನ್ನ ಮುತ್ತಾತನ ರಾಟೆ, ಇನ್ನೂ ನೂರು ವರ್ಷ ಬತ್ತದೆ ಕಣೇ" ಎಂದು ಜಂಬ ಕೊಚ್ಚಿದವನೂ ನಾನೇ.

ನಿನ್ನ ತಮ್ಮ ಬಸವಕುಮಾರ ಹೋಗಿ ಎರಡು ತಿಂಗಳಾಯಿತು. ಬಾವಿಯ ಹೂಳೆತ್ತಲು ಇಳಿದಿದ್ದವನು ಹಗ್ಗ ಹಿಡಿದು ಮೇಲೆ ಬರುತ್ತಿದ್ದಾಗ, ದಡದಲ್ಲಿ ನಿಂತು ಎಳೆಯುತ್ತಿದ್ದ ನಮ್ಮ ಕಾಯಿ ಕೀಳುವ ಎತ್ತಪ್ಪ ಒರಟಾಗಿ ಜಗ್ಗಿದ, ಅದಕ್ಕೇ ರಾಟೆ ಒಡೆಯಿತು ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಎತ್ತಪ್ಪನೂ ಹಾಗೇ ನಂಬಿದ್ದಾನೆ. ಅವನನ್ನು ಈಗ ಯಾರೂ ಕಾಯಿ ಕೀಳುವುದಕ್ಕೆ ಕರೆಯುವುದಿಲ್ಲ. ಅವನ ಹೆಂಡತಿ ಚಿತ್ತಮ್ಮ ಬಂದು, "ಅನ್ನ ಮುಟ್ಟಾಕಿಲ್ಲ ಕಣಣ್ಣ, ಅಂಗೈ ನೋಡ್ಕೊಂಡು ಕುಂತಿರ್ತಾರೆ" ಎಂದು ಅತ್ತಳು.

ನೀನಾದರೂ ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ
ಗಂಗಾಧರಯ್ಯ

ತಾ.ಕ.: ಇಷ್ಟು ಬರೆದು ಮಡಚಿದ್ದೆ, ಮನಸ್ಸು ತಡೆಯಲಿಲ್ಲ. ಹೋದ ಆಯುಧಪೂಜೆಗೆ ರಾಟೆ ತೊಳೆದಾಗಲೇ ಆ ತೂತುಗಳನ್ನು ನಾನು ಕಂಡಿದ್ದೆ. ಪೊರಕೆಯ ಹಂಚಿಕಡ್ಡಿ ಚುಚ್ಚಿದರೆ ಒಳಕ್ಕೆ ಇಳಿಯಿತು. "ಇದು ಬ್ಯಾಡ ಬುಡಪ್ಪ, ಹೊಸದು ತರಾನ" ಎಂದ ನಿನ್ನ ತಮ್ಮ. ನಾನು ಅವನನ್ನು ಗದರಿ, ತೂತಿಗೆ ಪುಟ್ಟಿ ತುಂಬಿ, ಕಪ್ಪು ಬಣ್ಣ ಬಳಿದು, ಕುಂಕುಮವಿಟ್ಟೆ. ಹೂಳೆತ್ತುವ ದಿನ ಅದನ್ನೇ ಬಾವಿಗೆ ಕಟ್ಟಿಸಿದೆ. ಮೊನ್ನೆ ಎತ್ತಪ್ಪ ಜನರೆದುರು ನನ್ನ ಕಾಲು ಹಿಡಿದ. ಎತ್ತಿ ನಿಲ್ಲಿಸಿ, "ಕ್ಷಮಿಸಿದೀನಿ, ಹೋಗ್ಲಾ" ಎಂದೆ. ಎಲ್ಲರೂ ನನ್ನನ್ನು ದೊಡ್ಡ ಮನುಷ್ಯ ಅಂದರು. ನೀನು ಬಂದು ಈ ಕಾಗದವನ್ನು ಎತ್ತಪ್ಪನ ಮುಂದೆ ಓದು. ನನಗೆ ಬಾಯಿ ಬರುವುದಿಲ್ಲ.