ಶುಭಾ ಒಪ್ಪಿದ ಪೆಟ್ಟಿಗೆ

ಹೊಸಪೇಟೆ
೯ ಫೆಬ್ರುವರಿ ೨೦೨೫

ಪ್ರೀತಿಯ ಬಸವಕುಮಾರ,

ಕಂಪ್ಲಿಯಲ್ಲಿ ನೀನು, ತ್ರಿವೇಣಿ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕೈಯಾರೆ ಜೋಡಿಸಿದ ಎರಡು ಡಿಜಿಟಲ್ ಆಂಪ್ಲಿಫೈಯರ್ ಕಳಿಸಿ, "ಕೇಳಿ ನೋಡಿ ಯಾವ್ದು ಚಲೋ ಐತಿ ಹೇಳಲೇ" ಎಂದಿದ್ದೆ. ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೈಯಬೇಡ. "ಫೋನಿಗೇನಾಗೈತಿ, ಕಾಗದ ಬರಿಯಾಕತ್ತಿ" ಎಂದೂ ಗೊಣಗಬೇಡ. ಕಾರಣವಿದೆ.

ದೇವರನಾಮ ಕೇಳದೆ ನಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲ, ನಿನಗೆ ಗೊತ್ತು. ಈಚೆಗೆ ಶುಭಾ ದಿನವೂ, "ಸಾಹಿತ್ಯನ ತಿಳೀವಲ್ದು ರೀ, ಜರಾ ಜೋರು ಇಡ್ರಿ" ಎನ್ನುತ್ತಿದ್ದಳು. ನಾನು ಹಳೆಯ ಆಂಪ್ಲಿಫೈಯರಿಗೆ ಶಾಪ ಹಾಕಿದೆ. ಅದು ಕಾವಲಿಯ ಹಾಗೆ ಕಾಯುತ್ತಿತ್ತು, ಗುಂಯ್ ಎನ್ನುತ್ತಿತ್ತು. ನನ್ನವಳಿಗೆ ಹಾಡು ಮತ್ತೆ ಸ್ಪಷ್ಟವಾಗಿ ಕೇಳಬೇಕು, ಅಷ್ಟೇ ನನ್ನ ಹಟ.

ಮೊದಲು ನಾನೊಬ್ಬನೇ ಕೂತು ಕೇಳಿದೆ. ಎರಡೂ ಬಿಸಿಯಾಗುವುದಿಲ್ಲ, ಗುಂಯ್ ಎನ್ನುವುದಿಲ್ಲ. ನೀನು ಕ್ಲಾಸ್-ಡಿ ಎಂದು ಕರೆದ ಮೊದಲ ಪೆಟ್ಟಿಗೆಯಲ್ಲಿ ಮೃದಂಗಕ್ಕೆ ಒಳ್ಳೆ ತೂಕವಿದೆ, ದನಿ ಮಾತ್ರ ತುಸು ಹಿಂದೆ ನಿಂತಂತೆ. ಇನ್ನೊಂದು ಪೂರ್ತಿ ಡಿಜಿಟಲ್, ಹಾಡನ್ನು ಕೊನೆತನಕ ಅಂಕಿಯಾಗಿಯೇ ಒಯ್ಯುತ್ತದೆ ಎಂದಿದ್ದೆಯಲ್ಲ, ಅದರಲ್ಲಿ ಗಾಯಕಿ ಉಸಿರೆಳೆದದ್ದೂ ಕೇಳುತ್ತದೆ, ಆದರೆ ತಂಬೂರಿ ಸ್ವಲ್ಪ ಚುಚ್ಚುತ್ತದೆ. ನನ್ನ ಓಟು ಮೊದಲನೆಯದಕ್ಕೆ.

ಆಮೇಲೆ ಶುಭಾಳನ್ನು ಕೂರಿಸಿ ಒಂದಾದ ಮೇಲೊಂದು ಹಾಕಿದೆ. ಅವಳು ತೊಡೆಯ ಮೇಲೆ ತಾಳ ಹಾಕುತ್ತ, "ಎರಡನೇದ ಭಾಳ ಚಲೋ ಅದ ರೀ. ಒಂದೊಂದು ಅಕ್ಷರ ತಿಳೀತದ" ಎಂದಳು. ಅಲ್ಲಿಗೆ ಮುಗಿಯಿತು. ಈ ಮನೆಯಲ್ಲಿ ನನ್ನ ಓಟು ಎಂದು ಗೆದ್ದಿದೆ?

ಸಂಡೂರಿನ ಗಣಿ ಆಫೀಸಿನಲ್ಲಿ ಜೊತೆಗಿದ್ದ ಕಾಲದಿಂದಲೂ ನನಗೆ ಬೇಕಾದ್ದನ್ನು ನಾನು ಕೇಳುವ ಮೊದಲೇ ತಂದುಕೊಡುವವನು ನೀನೊಬ್ಬನೇ. ನಿನ್ನಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ. ನಿನ್ನ ಹೊಟ್ಟೆ ತಣ್ಣಗಿರಲಿ. ಮಗಳು ಕಾವ್ಯಾಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು.

ನಿನ್ನ
ಪ್ರಾಣೇಶ

ತಾ.ಕ.: ಶುಭಾ ಎರಡನೆಯದನ್ನು ಹೊಗಳಿದಾಗ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಮೊಬೈಲಿನಲ್ಲಿ ಹಾಡೂ ಓಡುತ್ತಿತ್ತು. ಆದರೆ ಸ್ಪೀಕರಿನ ತಂತಿ ಸಿಕ್ಕಿಸುವುದನ್ನು ನಾನು ಮರೆತಿದ್ದೆ. ಮನೆಯಲ್ಲಿ ಸದ್ದೇ ಇರಲಿಲ್ಲ ಬಸವಾ. ಅವಳು ನನ್ನ ಮುಖ ನೋಡುತ್ತ ತಾಳ ಹಾಕುತ್ತಲೇ ಇದ್ದಳು. ನಾನೂ ತಲೆದೂಗಿದೆ. ಅವಳನ್ನು ಕಿವಿ ಡಾಕ್ಟರಿಗೆ ತೋರಿಸಲೇಬೇಕು. ನನ್ನ ಸಂತೋಷ ಕೆಡಬಾರದೆಂದು ಅಷ್ಟು ಮಾಡಿದವಳಿಗೆ ಅದನ್ನು ಯಾವ ಬಾಯಿಂದ ಹೇಳಲಿ? ಫೋನಿನಲ್ಲಿ ನಿನ್ನನ್ನೇ ಕೇಳೋಣವೆಂದರೆ, ಈಗೀಗ ಅವಳ ಕಣ್ಣು ಯಾವಾಗಲೂ ನನ್ನ ತುಟಿಯ ಮೇಲೇ ಇರುತ್ತದೆ.