ಶನಿವಾರದ ಅಂಕಿ

ಜನವರಿ ೨೮, ಮಂಗಳವಾರ

ನನ್ನ ಚೂಟಿ,

ನೀನು ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಅದು ಸುಳ್ಳು. ಹಾಗಾಗಿ ಆ ಎರಡು ಸಾಲು ಬಿಟ್ಟು ಶುರು ಮಾಡುತ್ತಿದ್ದೇನೆ. ನಿನ್ನೆ ನಿನ್ನ ದೊಡ್ಡಮ್ಮ ಫೋನ್ ಮಾಡಿದ್ದಳು. ಎರಡು ಹೊತ್ತು ಏನೋ ಒಂದಿಷ್ಟು ತಿನ್ನುತ್ತೀಯಂತೆ, ಆದರೆ ಯಾರಾದರೂ ಗಂಡನ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತೀಯಂತೆ. ಅವನ ಒಂದು ಫೋಟೋವನ್ನೂ ಜೊತೆಗೆ ತಂದಿಲ್ಲವಂತೆ. ತಂದಿರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೊರಡುವ ದಿನ ನೀನು ಅವನ್ನೆಲ್ಲ ಕಿತ್ತು, ಕೆಳಗೆ ಅವನ ಅಂಗಡಿಯಲ್ಲಿ ಹಳೆ ಸ್ಕೀಗಳ ಹಿಂದೆ ತುರುಕಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

ಆವತ್ತು ನೀನು ಏನಂದೆ ಅಂತ ನೆನಪಿದೆಯೇ? "ಬೆಟ್ಟಕ್ಕೆ ನಾಲ್ಕು ಅಂತ ನೀನು ಬರೆದಿದ್ದೆ. ಊರಿಗೆಲ್ಲ ಕಂಡಿತ್ತು. ಕಂಡೂ ಹೋದ. ಅವನು ಸತ್ತಿದ್ದಲ್ಲ, ನನ್ನ ಬಿಟ್ಟು ಹೋಗಿದ್ದು" ಅಂದೆ. ಆಮೇಲೆ ನನ್ನ ಹೆಗಲಿಗೆ ತಲೆ ಒರಗಿಸಿ, "ನೀನೊಬ್ಬಳೇ ಸರಿಯಾಗಿ ಹೇಳಿದ್ದು ಅಮ್ಮಾ" ಅಂದೆ. ನಿನ್ನ ಬೆನ್ನು ಸವರುತ್ತಾ ನಿಂತಿದ್ದೆ ನಾನು. ಆ ಹೊತ್ತಿಗೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಿದ್ದರೆ ಪುಣ್ಯ ಬರುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಅವನು ಹೋದಾಗಿನಿಂದ, ಹದಿನೇಳು ದಿನ, ಹಾಗೇ ಇದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದೊಂದಾಗಿ ಬರೆಯುತ್ತೇನೆ, ಕೈ ಎಲ್ಲಿ ಜಾರಿತು ಅಂತ ನಿನಗೆ ಕಾಣಬೇಕು. ಬೆಳಿಗ್ಗೆ ಐದಕ್ಕೆ ಕಚೇರಿಯ ಬಾಗಿಲು ತೆಗೆಯುತ್ತೇನೆ. ಹೀಟರ್ ಹಾಕಿ, ಒದ್ದೆ ಕೈಗವಸನ್ನು ಅದರ ಮೇಲೆ ಹರಡಿ ಕೂರುವಷ್ಟರಲ್ಲಿ ಮೇಲಿನ ನಿಲ್ದಾಣದಿಂದ ರೋಪ್‌ವೇಯವನ ಫೋನ್ ಬರುತ್ತದೆ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಹೆಜ್ಜೆ ಇಟ್ಟರೆ ಎಷ್ಟು ಕುಸಿಯುತ್ತದೆ ಅಂತ ಹೇಳುತ್ತಾನೆ. ಆಮೇಲೆ ಸೇತುವೆಯ ಕಾವಲುಗಾರ. ಅವನು ಹೊಳೆಯ ಮಂಜುಗಡ್ಡೆಗೆ ಮೂರು ಕಡೆ ತೂತು ಕೊರೆದು ದಪ್ಪ ಅಳೆಯುತ್ತಾನೆ, ಅಳತೆಪಟ್ಟಿ ಕೊಟ್ಟಿದ್ದರೂ ಇವತ್ತಿಗೂ ಗೇಣಿನ ಲೆಕ್ಕದಲ್ಲೇ ಹೇಳುತ್ತಾನೆ. ಇವನ್ನೆಲ್ಲ ಕೂಡಿಸಿ ಅರ್ಧ ಪುಟ ಬರೆಯುವುದು ನನ್ನ ಕೆಲಸ. 'ಬೆಟ್ಟ ಮತ್ತು ಹೊಳೆ ಮುನ್ನೋಟ.' ಕೊನೆಗೆ ಬೆಟ್ಟಕ್ಕೊಂದು ಅಂಕಿ, ಹೊಳೆಗೊಂದು ಅಂಕಿ. ಒಂದಾದರೆ ಧೈರ್ಯವಾಗಿ ಹೋಗಿ, ಐದಾದರೆ ಮನೆಯಲ್ಲೇ ಇರಿ. ಆರಕ್ಕೆ ರೇಡಿಯೋದಲ್ಲಿ ಬರುತ್ತದೆ. ಆ ಅರ್ಧ ಪುಟವನ್ನು ಯಾರೂ ಓದುವುದಿಲ್ಲ ಕಣೇ. ಕಾರಿನ ಮೇಲೆ ಸ್ಕೀ ಕಟ್ಟಿಕೊಂಡು ಬಂದವರಿಗೆ ಅಂಕಿ ಒಂದು ಸಾಕು.

ನಿನ್ನ ಮದುವೆಯಾದ ಮೊದಲ ಚಳಿಗಾಲ. ಚಪ್ಪಲಿ ಹಾಕಿಕೊಂಡೇ ಎಡವುತ್ತಿದ್ದ ಹುಡುಗಿ ನೀನು. ಅವನು ನಿನಗೆ ಸ್ಕೀ ಕಲಿಸಿದ. ಒಂದು ಶುಕ್ರವಾರ ನೀನು ಬಂದು, ನಾಳೆ ಪೂರ್ವದ ಇಳಿಜಾರಿಗೆ ಹೋಗುತ್ತೇವೆ ಅಮ್ಮಾ ಅಂತ ಕುಣಿದೆ. ಆ ರಾತ್ರಿ ಮೂರು ಸಲ ಎದ್ದು ಕಿಟಕಿಯಿಂದ ಬೆಟ್ಟ ನೋಡಿದೆ. ಮಾರನೆಯ ಬೆಳಿಗ್ಗೆ ಬೆಟ್ಟ ಶಾಂತವಾಗಿತ್ತು, ಬರೆಯಬೇಕಾದದ್ದು ಎರಡು. ಬರೆದದ್ದು ಮೂರು. ಮನೆಯಲ್ಲಿ ಕೂತರೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ. ನೀನು ಸಪ್ಪೆ ಮುಖ ಮಾಡಿಕೊಂಡು ನನ್ನ ಮನೆಗೆ ಬಂದೆ, ಉಂಡೆ, ನನ್ನ ಕಂಬಳಿ ಹೊದ್ದು ಸೋಫಾದ ಮೇಲೆ ಸಂಜೆಯವರೆಗೆ ಮಲಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಅಲ್ಲಿಂದ ಶುರುವಾಯಿತು. ನೀನು ಹೋಗುವುದು ಶನಿವಾರ, ನಾನು ಒಂದು ಸೇರಿಸುವುದು ಶನಿವಾರ. ಒಂದಕ್ಕೆ ಎರಡು, ಎರಡಕ್ಕೆ ಮೂರು. ನಾಲ್ಕು ಚಳಿಗಾಲ ಹೀಗೆ ನಡೆಯಿತು. ಹೊಳೆಯ ಅಂಕಿಯ ತಂಟೆಗೆ ನಾನು ಒಂದು ದಿನವೂ ಹೋಗಲಿಲ್ಲ. ನಿನಗೆ ಸ್ಕೇಟಿಂಗ್ ಸೇರುತ್ತಿರಲಿಲ್ಲವಲ್ಲ! ಹೊಳೆಯ ಮೇಲೆ ಸ್ಕೇಟ್ ಮಾಡುವವರೆಲ್ಲ ನನ್ನ ಅಂಕಿಯನ್ನು ಕಣ್ಣು ಮುಚ್ಚಿ ನಂಬಿದರು, ಎಲ್ಲರೂ ಸುಖವಾಗಿದ್ದಾರೆ.

ಬೆಟ್ಟದವರು ದಡ್ಡರಲ್ಲ. ಶುಕ್ರವಾರ ಎರಡು, ಶನಿವಾರ ಮೂರು, ಭಾನುವಾರ ಮತ್ತೆ ಎರಡು. ಗಾಳಿ ಇಲ್ಲ, ಹಿಮ ಇಲ್ಲ, ಏರಿದ್ದು ಯಾಕೆ, ಇಳಿದದ್ದು ಯಾಕೆ? ಎಲ್ಲರಿಗಿಂತ ಮೊದಲು ಅರ್ಥವಾದದ್ದು ನಿನ್ನ ಗಂಡನಿಗೆ. ಸ್ಕೀ ಬಾಡಿಗೆಗೆ ಕೊಟ್ಟು ಗಿರಾಕಿಗಳನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದ ಅವನ ಅಂಗಡಿಯ ಕಪ್ಪು ಹಲಗೆ ನಿನಗೆ ನೆನಪಿದೆ. ಮೇಲೆ ನನ್ನ ಅಂಕಿಯನ್ನು ದಪ್ಪಗೆ ಬರೆದು, ಶನಿವಾರ ಮಾತ್ರ ಅದರ ಕೆಳಗೆ ಚಿಕ್ಕದಾಗಿ, ಒಂದು ಕಳೆದು, ಇನ್ನೊಂದು ಬರೆಯುತ್ತಿದ್ದ. "ಮೇಲಿಂದು ಅತ್ತೆ ಲೆಕ್ಕ, ಕೆಳಗಿಂದು ಅಳಿಯನ ಲೆಕ್ಕ" ಅಂತ ಗಿರಾಕಿಗಳನ್ನು ನಗಿಸುತ್ತಿದ್ದ. ನೀನೂ ಅದನ್ನು ಬರೀ ತಮಾಷೆ ಅಂದುಕೊಂಡು ನಕ್ಕು, ನನ್ನ ಕಂಬಳಿ ಬಿಟ್ಟು ಅವನ ಹಿಂದೆ ಹೋಗುವುದನ್ನು ಕಲಿತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಚೂಟಿ, ಅವನ ಲೆಕ್ಕ ಪ್ರತಿ ಸಲವೂ ಸರಿಯಾಗಿರುತ್ತಿತ್ತು. ಅವನು ತನ್ನ ಲೆಕ್ಕದ ಮೇಲೆ ಹೋದ ಒಂದು ಶನಿವಾರವೂ ಒಬ್ಬರಿಗೂ ಒಂದು ಗೀರು ಆಗಲಿಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಹಿಂದಿನ ಸಂಜೆ ನೀನು ಫೋನ್ ಮಾಡಿ, ಜ್ವರ ಬಂದಿದೆ, ನಾಳೆ ನಾನು ಹೋಗುತ್ತಿಲ್ಲ ಅಂದೆ. ಕಷಾಯ ಕುಡಿದು ಮಲಗು ಅಂದೆ. ರಾತ್ರಿಯಿಡೀ ಹಿಮ ಬಿದ್ದು, ಗಾಳಿ ಅದನ್ನೆಲ್ಲ ಗುಡಿಸಿ ತಂದು ಪೂರ್ವದ ಇಳಿಜಾರಿನ ಮೇಲೆ ಪೇರಿಸಿತ್ತು. ಕೆಳಗೆ ಹಳೆಯ ಗಟ್ಟಿ ಪದರ, ಮೇಲೆ ಈ ಹೊಸದು, ಎರಡೂ ಒಂದಕ್ಕೊಂದು ಹಿಡಿದಿರಲಿಲ್ಲ. ರೋಪ್‌ವೇಯವನು, "ಅಕ್ಕಾ, ಇವತ್ತು ಯಾಕೋ ಸರಿ ಇಲ್ಲ, ಕಾಲಿಟ್ರೆ ಒಳಗಡೆ ದಪ್ ಅಂತ ಸದ್ದು ಬರ್ತಿದೆ" ಅಂದ. ಹಾಗಿದ್ದರೆ ನಾಲ್ಕು. ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದೆ. ನೀನು ಹೋಗುತ್ತಿರಲಿಲ್ಲ. ಹಾಗಾಗಿ ಒಂದು ಸೇರಿಸುವ ಗೋಜಿಗೇ ಹೋಗಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ, ಒಂದು ಶನಿವಾರ ಬೆಟ್ಟದ ಅಂಕಿಯನ್ನು ಇದ್ದ ಹಾಗೆ ಬರೆದೆ.

ಅವನು ಎಂದಿನಂತೆ ಒಂದು ಕಳೆದ.

ಬದುಕಿ ಬಂದ ಇಬ್ಬರು ಗಿರಾಕಿಗಳು ವಿಚಾರಣೆಯಲ್ಲಿ ಹೇಳಿದ್ದನ್ನು ನೀನು ಕೇಳಲಿಲ್ಲ, ಅಷ್ಟರಲ್ಲಿ ಹೊರಟುಹೋಗಿದ್ದೆ. ಕೇಳು. "ಇವತ್ತು ನಿಜವಾಗಿ ಮೂರು, ತೆರೆದ ಕಡೆ ಬೇಡ, ಮರಗಳ ಅಂಚಲ್ಲೇ ಹೋಗೋಣ, ನಾನು ಮುಂದೆ ಇರ್ತೀನಿ, ನೀವು ಒಬ್ಬರಾದ ಮೇಲೆ ಒಬ್ಬರು ಬನ್ನಿ" ಅಂದನಂತೆ. ಮೂರಕ್ಕೆ ಏನು ಎಚ್ಚರ ಬೇಕೋ ಅಷ್ಟನ್ನೂ ವಹಿಸಿದ್ದ. ಬೆಟ್ಟ ಮೂರರಲ್ಲಿ ಇರಲಿಲ್ಲ. ಮರಗಳ ಅಂಚಿನವರೆಗೂ ಹಿಮವೆಲ್ಲ ಒಂದೇ ಸಲ ಕಿತ್ತು ಬಂದು ಅವನನ್ನು ಮುಚ್ಚಿತು. ಹಿಂದೆ ನಿಲ್ಲಿಸಿದ್ದಕ್ಕೆ ಆ ಇಬ್ಬರೂ ಉಳಿದರು. ಅವನಿಗೆ ಹುಚ್ಚು ಧೈರ್ಯ, ದುಡ್ಡಿನ ಆಸೆ ಅಂತ ಬೀದಿಯಲ್ಲಿ ಆಡಿಕೊಳ್ಳುತ್ತಾರೆ. ನೀನೂ ಅದನ್ನೇ ನಂಬಿದ್ದೀಯ. ಇಲ್ಲ ಕಣೇ. ನಿನ್ನ ಗಂಡ ನಿನ್ನನ್ನು ಬಿಟ್ಟು ಹೋದವನಲ್ಲ. ಸಂಜೆ ಮನೆಗೆ ಬರಲೆಂದೇ ಹೋಗಿದ್ದ.

ನಾನು ಆವತ್ತೂ ಸುಳ್ಳು ಬರೆದಿದ್ದರೆ ಅದು ಐದಾಗುತ್ತಿತ್ತು. ಅವನು ಕಳೆದು ನಾಲ್ಕು ಮಾಡಿಕೊಂಡು, ಅಂಗಡಿಯಲ್ಲೇ ಕೂತು ಸ್ಕೀಗೆ ಮೇಣ ಉಜ್ಜುತ್ತಿದ್ದ. ಇದನ್ನು ದಿನಕ್ಕೆ ನೂರು ಸಲ ಲೆಕ್ಕ ಹಾಕುತ್ತೇನೆ. ನೂರು ಸಲವೂ ಅವನು ಬದುಕುತ್ತಾನೆ.

ಕೇಂದ್ರ ಕಚೇರಿಯಿಂದ ಬಂದ ಅಧಿಕಾರಿ, ನಿಮ್ಮ ಅಂಕಿ ಸರಿಯಾಗಿತ್ತು ಅಂತ ಮೆಚ್ಚುಗೆಯ ಪತ್ರ ಕೊಟ್ಟು ಹೋದರು. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ವಾರವಿಡೀ ಕೂತೆ. ತಡೆಯಲಾಗದೆ ನಿನ್ನೆ ಅವರ ಬಳಿಗೇ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಚಹಾ ತರಿಸಿದರು. "ಜಾಸ್ತಿ ಎಚ್ಚರಿಸಿದ್ದು ತಪ್ಪು ಹೇಗಾಗತ್ತಮ್ಮಾ, ಯಾರೂ ಅದಕ್ಕೆ ನಿಮ್ಮನ್ನ ಹೊಣೆ ಮಾಡಲ್ಲ, ಹೋಗಿ ರೆಸ್ಟ್ ತಗೊಳ್ಳಿ" ಅಂದರು. ನೋಡು, ಶಿಕ್ಷೆ ಕೇಳಿಕೊಂಡು ಹೋದರೂ ಸಿಗುವುದಿಲ್ಲ ನನಗೆ. ಇವತ್ತೂ ಐದಕ್ಕೆ ಬಾಗಿಲು ತೆಗೆದೆ. ಬೆಟ್ಟಕ್ಕೆ ಎರಡು, ಹೊಳೆಗೆ ಒಂದು ಅಂತ ಬರೆದೆ. ಬರೆದ ಎರಡನ್ನು ಅಳಿಸಿ, ಮತ್ತೆ ಎರಡನ್ನೇ ಬರೆದೆ. ಇದು ನಿಜವಾದ ಎರಡೇ ಅಂತ ನಾನು ಊರಿಗೆ ಯಾವ ಬಾಯಿಂದ ಹೇಳಲಿ?

ಒಂದು ಮಾತು ಮಾತ್ರ ಎದೆಯಲ್ಲಿ ಸಿಕ್ಕಿಕೊಂಡಿದೆ. ನಾಲ್ಕು ವರ್ಷದಲ್ಲಿ ಅವನು ನನ್ನನ್ನು ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಅವನ ಮೇಲಿನ ಸಿಟ್ಟನ್ನು ಬಿಡು, ಚೂಟಿ. ಅವನಿಗಾಗಿ ಅಳು. ಇಷ್ಟು ದಿನ ಅಳದೆ ಕಲ್ಲಾಗಿದ್ದೀಯ ಅಂತ ನಿನ್ನ ದೊಡ್ಡಮ್ಮ ಅಳುತ್ತಾಳೆ. ಇನ್ನು ನನ್ನ ಪಾಲಿಗೆ ಬರುವುದು ಬರಲಿ. ನನ್ನ ಮುಖ ನೋಡಬೇಡ, ಫೋನ್ ಎತ್ತಬೇಡ, ಸತ್ತರೂ ಬರಬೇಡ. ಇದನ್ನು ಬರೆದರೆ ನನಗಿರುವ ಒಬ್ಬಳೇ ಮಗಳು ಕೈತಪ್ಪುತ್ತಾಳೆ ಅಂತ ಗೊತ್ತಿದ್ದೇ ಹದಿನೇಳು ದಿನ ತಡ ಮಾಡಿದೆ. ನಿನ್ನನ್ನು ಉಳಿಸಿಕೊಳ್ಳುವ ಆಸೆಯಿಂದಲೇ ಇಷ್ಟೆಲ್ಲ ಆಯಿತು, ಆ ಆಸೆ ಇನ್ನೂ ಸತ್ತಿಲ್ಲ.

ಜ್ವರ ಪೂರ್ತಿ ಬಿಟ್ಟಿತೇ? ಬೆಳಿಗ್ಗೆ ತಲೆಗೆ ಏನಾದರೂ ಕಟ್ಟಿಕೊಂಡೇ ಹೊರಗೆ ಹೋಗು.

ಹಾಗೆ ಕರೆದುಕೊಳ್ಳಲು ಇನ್ನೂ ಹಕ್ಕಿದ್ದರೆ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅವನು ಕೇಳಲೇ ಇಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಆ ಬೆಳಿಗ್ಗೆ ಏಳಕ್ಕೆ ಅಂಗಡಿಯಿಂದ ಫೋನ್ ಮಾಡಿದ್ದ. "ಅತ್ತೆ, ಬೇಜಾರು ಮಾಡ್ಕೋಬೇಡಿ, ಇವತ್ತಿನ ನಾಲ್ಕು ಬೆಟ್ಟದ್ದಾ, ನಿಮ್ಮದಾ?" ಅಂದ. ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ನಾಲ್ಕು ವರ್ಷದ ಕಳ್ಳತನ ಸಿಕ್ಕಿಬಿದ್ದ ನಾಚಿಕೆಗೆ ನನಗೆ ಮೂಗಿನ ತುದಿಗೆ ಸಿಟ್ಟು ಬಂತು. "ಏನಯ್ಯಾ ಹಾಗಂದ್ರೆ? ನಾನು ಬರೆಯೋದು ಯಾವತ್ತೂ ಬೆಟ್ಟದ್ದೇ. ಎಲ್ಲ ಶನಿವಾರದ ಹಾಗೆ ಇವತ್ತೂ" ಅಂದೆ. ಅವನು ಮೆಲ್ಲಗೆ ನಕ್ಕ. "ಆಯ್ತು ಬಿಡಿ ಅತ್ತೆ, ಅವಳಿಗೆ ಹೇಳಲ್ಲ" ಅಂದು ಫೋನ್ ಇಟ್ಟ.